ಮುಂಗಾಲಿನ ಟೆಂಡನ್ ಊತ: ಕುಂಟು ನಿಂತಿದೆ, ದಸರೆಗೆ ಸವಾರಿ ಆಗುತ್ತಾ?

ಕನಕಪುರರಸ್ತೆ_ಲಾಯ:
ರೇಸ್ ಬಿಟ್ಟು ಬಂದ ಥರೋಬ್ರೆಡ್ ಗೆಲ್ಡಿಂಗ್ (ಬೀಜ ಒಡೆಸಿದ ಗಂಡು ಕುದುರೆ), 9 ವರ್ಷ, ಮೂರು ವರ್ಷದಿಂದ ಸವಾರಿಗೆ ಮಾತ್ರ. ಕಳೆದ ಗುರುವಾರ ಮಳೆ ನೆನೆದ ಮೆತ್ತನೆ ಮರಳಲ್ಲಿ ಕ್ಯಾಂಟರ್ (ನಿಧಾನದ ನಾಗಾಲೋಟ) ಮಾಡಿಸಿದ್ದು. ಮರುದಿನ ಬೆಳಿಗ್ಗೆ ಎಡ ಮುಂಗಾಲಿನ ಹಿಂಬದಿ, ಮೊಣಕಾಲಿಗೂ ಗಿಣ್ಣಿಗೂ (ಗೊರಸಿನ ಮೇಲಿನ ಕೀಲು) ನಡುವೆ ಬಾಳೆಕಾಯಿಯಂತೆ ಉಬ್ಬು, ಬಿಸಿ. ನಡಿಗೆಯಲ್ಲಿ ಅಷ್ಟೇನೂ ಗೊತ್ತಾಗಲ್ಲ, ಟ್ರಾಟ್‌ನಲ್ಲಿ (ಮೆಲ್ಲನೆ ಓಟದಲ್ಲಿ) ತಲೆ ಎತ್ತಿ ಹಾಕುತ್ತೆ. ಊರಿನ ದನದ ಡಾಕ್ಟರು ಮೂರು ದಿನ ಇಂಜೆಕ್ಷನ್ ಕೊಟ್ಟರು, ಈಗ ಕುಂಟು ಮುಕ್ಕಾಲು ಪಾಲು ಇಲ್ಲ. ಎಣ್ಣೆ ತಿಕ್ಕಿ ಹತ್ತು ದಿನಕ್ಕೆ ಮೆಲ್ಲಗೆ ಓಡಿಸಬಹುದು ಅಂತಾನೆ ಕುದುರೆ ನೋಡಿಕೊಳ್ಳುವ ಸೈಸ್. ಪಕ್ಕದ ಲಾಯದವರು ಬರೆ ಹಾಕಿಸಿ ಅಂತಾರೆ. ಮೇವು ಹಿಂದಿನಂತೆ: 4 ಕೆಜಿ ಓಟ್ಸ್, 1 ಕೆಜಿ ಬೇಯಿಸಿದ ಹುರುಳಿ, 2 ಕೆಜಿ ಬೂಸಾ, ನೇಪಿಯರ್ ಹುಲ್ಲು. ದಸರಾ ರಜೆಗೆ ಏಳೆಂಟು ವಾರ ಇದೆ, ಅಷ್ಟರಲ್ಲಿ ಹತ್ತಬಹುದಾ?

ಗೊರಸುನಾಡಿ:
ಹತ್ತೋ ಮಾತು ಆಮೇಲೆ. ಇದು ಟೆಂಡನ್ನೇ (ಮಾಂಸವನ್ನು ಮೂಳೆಗೆ ಸೇರಿಸುವ ಹುರಿ) ಹೌದಾ ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ. ಮಳೆಗಾಲದಲ್ಲಿ ಕುಂಟುವ ಕುದುರೆಗಳಲ್ಲಿ ಗೊರಸಿನೊಳಗೆ ಕೀವು ಕಟ್ಟಿದವೇ ಬಹಳ. ಅದರಲ್ಲಿ ಕಾಲೂರಲೂ ಆಗದಷ್ಟು ಕುಂಟು ಒಂದೇ ರಾತ್ರಿಯಲ್ಲಿ ಬರುತ್ತೆ, ಗೊರಸು ಬಿಸಿಯಾಗುತ್ತೆ. ಗಿಣ್ಣಿನ ಹಿಂಬದಿಯ ಎರಡೂ ಪಕ್ಕಕ್ಕೆ ಬೆರಳಿಟ್ಟರೆ ನಾಡಿ ಟಪಟಪ ಹೊಡೆಯುತ್ತೆ. ಚೆನ್ನಾಗಿರುವ ಕಾಲಿನಲ್ಲಿ ಈ ನಾಡಿ ಹುಡುಕಿದರೂ ಸಿಗೋದು ಕಷ್ಟ.

ಟೆಂಡನ್ ನೋಡಲು ಕಾಲನ್ನು ಎತ್ತಿ ಮಡಚಿ ಹಿಡಿಯಿರಿ. ಭಾರ ಬಿಟ್ಟಾಗ ಹಿಂಬದಿಯ ಹುರಿಗಳು ಸಡಿಲಾಗಿ ಬೇರೆಬೇರೆಯಾಗಿ ಸಿಗುತ್ತವೆ. ಎಲ್ಲಕ್ಕಿಂತ ಹೊರಗೆ, ಚರ್ಮದ ಕೆಳಗೇ ಇರೋದು ಮೇಲಿನ ಟೆಂಡನ್. ಅದರ ಒಳಗೆ ದುಂಡಗಿನದು ಒಳ ಟೆಂಡನ್. ಮೂಳೆಗೆ ಅಂಟಿಕೊಂಡಂತಿರೋದು ಸಸ್ಪೆನ್ಸರಿ ಲಿಗಮೆಂಟು. ಹೆಬ್ಬೆರಳು, ತೋರುಬೆರಳ ನಡುವೆ ಹೊರಗಿನದನ್ನು ಹಿಡಿದು ಮೊಣಕಾಲಿಂದ ಗಿಣ್ಣಿನವರೆಗೆ ಒಂದೊಂದು ಬೆರಳಗಲಕ್ಕೆ ಒತ್ತುತ್ತಾ ಇಳಿಯಿರಿ. ಕಾಲು ಎಳೆದುಕೊಂಡ ಜಾಗ ಗುರುತಿಟ್ಟು, ಬಲಗಾಲಲ್ಲಿ ಅದೇ ಜಾಗ ಒತ್ತಿ ನೋಡಿ. ಕೆಲವು ಕುದುರೆ ಸುಮ್ಮನೆ ಸಿಡುಕುತ್ತವೆ, ಹಾಗಾಗಿ ಎರಡನೆಯದೂ ಬೇಕೇ ಬೇಕು.

ನೀವು ಬರೆದ ಬಾಳೆಕಾಯಿ ಉಬ್ಬು ಮೇಲಿನ ಟೆಂಡನ್ನಿನದೇ ಲಕ್ಷಣ. ಹಾಗಿದ್ದರೆ ಕುಂಟು ನಿಂತಿದ್ದಕ್ಕೆ ಬೆಲೆ ಕೊಡಬೇಡಿ. ನೋವು ಎರಡು ಮೂರು ವಾರದಲ್ಲಿ ತಾನಾಗೇ ಹೋಗುತ್ತೆ, ಔಷಧಿ ಇದ್ದರೆ ಇನ್ನೂ ಬೇಗ. ಹರಿದ ಎಳೆಗಳ ಜಾಗದಲ್ಲಿ ಆಗಿನ್ನೂ ಹಸಿ ಗಾಯದ ಅಂಗಾಂಶ ಅಡ್ಡಾದಿಡ್ಡಿ ತುಂಬಿಕೊಳ್ತಿರುತ್ತೆ. ಅದು ಎಳೆತದ ದಿಕ್ಕಿಗೆ ಸಾಲಾಗಿ ಗಟ್ಟಿಯಾಗಲು ತಿಂಗಳುಗಳು ಬೇಕು. ಆರನೇ ವಾರದಲ್ಲಿ "ಏನೂ ಇಲ್ಲ" ಅಂತ ಓಡಿಸಿದಾಗಲೇ ಎರಡನೇ ಸಲ ಹರಿಯೋದು, ಮತ್ತು ಮೊದಲಿಗಿಂತ ಉದ್ದಕ್ಕೆ.

ಹಳೇಬ್ಯಾಚ್_ವೆಟ್:
ಮೇಲಿನವರು ಸರಿಯಾಗಿ ಹೇಳಿದ್ದಾರೆ. ಕೊಟ್ಟ ಇಂಜೆಕ್ಷನ್ ಯಾವುದು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಡೆಕ್ಸಾಮೆಥಸೋನ್ ತರಹದ ಸ್ಟಿರಾಯ್ಡ್ ಆಗಿದ್ದರೆ ಮುಂದುವರಿಸೋದು ಬೇಡ. ಅದು ಎಳೆ ಕೂಡೋದನ್ನು ನಿಧಾನ ಮಾಡುತ್ತೆ, ಲ್ಯಾಮಿನೈಟಿಸ್ (ಗೊರಸಿನೊಳಗಿನ ಉರಿಯೂತ) ಭಯವೂ ಇದೆ. ಡೈಕ್ಲೋಫೆನಾಕ್ ಆಗಿದ್ದರೆ, ಅದು ಪ್ರಾಣಿಗಳಿಗೆ 2006ರಿಂದಲೇ ನಿಷಿದ್ಧ. ಸತ್ತ ಪ್ರಾಣಿಯ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡುತ್ತದೆ. ನೀವಿರೋದು ರಾಮನಗರದ ರಾಮದೇವರ ಬೆಟ್ಟದ ರಣಹದ್ದು ಧಾಮದ ಹತ್ತಿರ ಬೇರೆ.

ನೋವು, ಊತಕ್ಕೆ 450 ಕೆಜಿ ಕುದುರೆಗೆ ಫಿನೈಲ್‌ಬ್ಯೂಟಝೋನ್ ರೂಢಿಯ ಪ್ರಮಾಣ ಕೆಜಿಗೆ 2.2 ಮಿಗ್ರಾಂ, ಅಂದರೆ 1 ಗ್ರಾಂ, ದಿನಕ್ಕೆರಡು ಸಲ. ಇಲ್ಲವೇ ಮೆಲಾಕ್ಸಿಕ್ಯಾಮ್ ಕೆಜಿಗೆ 0.6 ಮಿಗ್ರಾಂ, ದಿನಕ್ಕೊಂದು ಸಲ. ಎರಡರಲ್ಲಿ ಒಂದೇ, ಅದೂ ನಿಮ್ಮ ಡಾಕ್ಟರು ಬರೆದಷ್ಟು ದಿನ ಮಾತ್ರ. ಎರಡನ್ನೂ ಸೇರಿಸಿದರೆ, ಅಥವಾ ಖಾಲಿ ಹೊಟ್ಟೆಗೆ ಕೊಟ್ಟರೆ ಹೊಟ್ಟೆಹುಣ್ಣಿನ ಭಯ ಜಾಸ್ತಿ. ಬ್ಯೂಟಝೋನ್ ಇಂಜೆಕ್ಷನ್ ರಕ್ತನಾಳಕ್ಕೇ ಹೋಗಬೇಕು. ಹೊರಗೆ ಸೋರಿದರೆ ಕುತ್ತಿಗೆಯ ಮಾಂಸ ಕೊಳೆಯುತ್ತೆ.

ಸ್ಕ್ಯಾನ್ ಬೇಕೇ ಬೇಕು. ಪೆಟ್ಟಾಗಿ 7ರಿಂದ 10 ದಿನ ಕಳೆದ ಮೇಲೆ ಮಾಡಿಸಿ. ಮೊದಲ ವಾರ ಗಾಯ ಇನ್ನೂ ಹರಡುತ್ತಿರುತ್ತೆ, ಬೇಗ ನೋಡಿದರೆ ಚಿಕ್ಕದಾಗಿ ಕಾಣುತ್ತೆ. ರೇಸ್ ಕುದುರೆ ನೋಡುವವರು ಸಿಗದಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಹಸುವಿನ ಗರ್ಭ ನೋಡುವ 7.5 ಮೆಗಾಹರ್ಟ್ಸ್ ಉದ್ದ ಪ್ರೋಬ್ ಇದ್ದರೂ ಸಾಕು, ಕೂದಲು ಬೋಳಿಸಿ ಧಾರಾಳ ಜೆಲ್ ಹಾಕಿದರೆ ಟೆಂಡನ್ ಕಾಣುತ್ತೆ. ಎರಡೂ ಕಾಲಿನದು ತೆಗೆಸಿ. ಮೂರು ಸಂಗತಿ ಬರೆಸಿಕೊಳ್ಳಿ: ಮೊಣಕಾಲಿಂದ ಎಷ್ಟು ಸೆಂಮೀ ಕೆಳಗೆ ಗಾಯ ಶುರು, ಎಲ್ಲಿ ಮುಗಿಯುತ್ತೆ, ಅಡ್ಡಕೊಯ್ತದಲ್ಲಿ ಶೇಕಡಾ ಎಷ್ಟು ಕಪ್ಪಾಗಿದೆ (ಎಳೆ ಹರಿದ ಜಾಗ ಕಪ್ಪಾಗಿ ಕಾಣುತ್ತೆ). ಮುಂದಿನ ಸ್ಕ್ಯಾನಿಗೆ ಹೋಲಿಸಲು ಇದೇ ಆಧಾರ.

ಎಣ್ಣೆ ತಿಕ್ಕೋದು, ಬಿಸಿ ಲಿನಿಮೆಂಟು ಈಗ ಬೇಡವೇ ಬೇಡ, ಊತಕ್ಕೆ ರಕ್ತ ಎಳೆದ ಹಾಗೆ. ಬರೆಯಿಂದ ಚರ್ಮ ಸುಡುತ್ತೆ, ಟೆಂಡನ್ ಬೇಗ ಕೂಡಲ್ಲ. ಬರೆ ಹಾಕಿದ ಕುದುರೆಗಳು ಹಿಂದೆ ವಾಸಿಯಾಗ್ತಿದ್ದದ್ದು ಆಮೇಲೆ ಕೊಡುತ್ತಿದ್ದ ಆರು ತಿಂಗಳ ವಿಶ್ರಾಂತಿಯಿಂದ.

ಬಿಸಿ, ಊತ ಇಳಿಯುವವರೆಗೂ ತಂಪು ಕೊಡಿ, 20 ನಿಮಿಷ, ದಿನಕ್ಕೆ 3-4 ಸಲ. ಮೊದಲ ಮೂರು ದಿನ ಕಳೆದುಹೋಗಿದೆ, ಆದರೂ ಪ್ರಯೋಜನವಿದೆ. ಸಿಂಟೆಕ್ಸ್ ಟ್ಯಾಂಕಿನ ಮಧ್ಯಾಹ್ನದ ನೀರು ಹಾಯಿಸಿದರೆ ತಂಪಲ್ಲ, ಬಿಸಿನೀರಿನ ಸ್ನಾನ. ಹಳೇ ಲಾರಿ ಟ್ಯೂಬನ್ನು ಒಂದೂವರೆ ಅಡಿ ಕತ್ತರಿಸಿ ಕಾಲಿಗೆ ಏರಿಸಿ, ಕೆಳತುದಿ ಗಿಣ್ಣಿನ ಹತ್ತಿರ ಕಟ್ಟಿ, ಒಳಗೆ ಪುಡಿ ಐಸಿಗೆ ನೀರು ಬೆರೆಸಿ ಸುರಿಯಿರಿ. ಬರೀ ಐಸ್ ಗಡ್ಡೆ ಒಂದೇ ಕಡೆ ಚರ್ಮ ಸುಡುತ್ತೆ.

ಮಿಕ್ಕ ಹೊತ್ತು ಬ್ಯಾಂಡೇಜ್. ಮೊದಲು ಹತ್ತಿ, ಸುಕ್ಕಿಲ್ಲದೆ, ಎರಡು ಮೂರು ಸೆಂಮೀ ದಪ್ಪ, ಮೊಣಕಾಲ ಕೆಳಗಿಂದ ಗಿಣ್ಣು ಮುಚ್ಚುವವರೆಗೆ. ಅದರ ಮೇಲೆ ಪಟ್ಟಿ, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಬೇಕು. ಬಿಗಿಯನ್ನು ಮುಂಭಾಗದ ಮೂಳೆಯ ಮೇಲೆ ಎಳೆಯಿರಿ, ಹಿಂಬದಿ ಟೆಂಡನ್ ಮೇಲಲ್ಲ. ಗಂಟು ಹೊರಪಕ್ಕಕ್ಕೆ. ಮೇಲ್ತುದಿಯಲ್ಲಿ ಒಂದು ಬೆರಳು ನುಗ್ಗಬೇಕು. ಮೆಡಿಕಲ್ ಶಾಪಿನ ಕ್ರೇಪ್ ಬ್ಯಾಂಡೇಜನ್ನು ಹತ್ತಿ ಇಲ್ಲದೆ ಬಿಗಿದರೆ ಅದೇ ಹೊಸ ಟೆಂಡನ್ ಗಾಯ ಮಾಡುತ್ತೆ. 12 ಗಂಟೆಗೊಮ್ಮೆ ಬಿಚ್ಚಿ ಕಟ್ಟಿ. ಬಲ ಮುಂಗಾಲಿಗೂ ಕಟ್ಟಿ, ಭಾರವೆಲ್ಲ ಅದರ ಮೇಲಿದೆ. ದಿನಾ ಬೆಳಿಗ್ಗೆ ಆ ಗೊರಸಿನ ಬಿಸಿಯನ್ನೂ ನಾಡಿಯನ್ನೂ ನೋಡಿ, ಒಳ್ಳೇ ಕಾಲು ಲ್ಯಾಮಿನೈಟಿಸ್‌ಗೆ ಬಿದ್ದರೆ ಕುದುರೆಯೇ ಹೋದ ಹಾಗೆ.

ಹುರುಳಿಚೀಲ:
ಮೇವಿನ ಸಾಲು ಓದಿ ಗಾಬರಿಯಾಯ್ತು. ನಿಂತ ಕುದುರೆಗೆ 4 ಕೆಜಿ ಓಟ್ಸ್ ಕೊಟ್ಟರೆ ಮೊದಲ ದಿನ ಹೊರಗೆ ತೆಗೆದಾಗ ಸೊಂಟದ ಮಾಂಸ ಕಲ್ಲಾಗಿ ನಿಲ್ಲುತ್ತೆ, ಮೂತ್ರ ಕಾಫಿ ಬಣ್ಣ. ಓಟ್ಸ್, ಹುರುಳಿ ಎರಡೂ ಇವತ್ತೇ ನಿಲ್ಲಿಸಿ.

ತೂಕ ಹೀಗೆ ಲೆಕ್ಕ ಹಾಕಿ: ಜೀನಿನ ಪಟ್ಟಿ ಬರುವಲ್ಲಿ ಎದೆ ಸುತ್ತಳತೆ, ಹೆಗಲ ತುದಿಯಿಂದ ಪೃಷ್ಠದ ತುದಿಗೆ ಉದ್ದ, ಎರಡೂ ಸೆಂಮೀಯಲ್ಲಿ. ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 11,877ರಿಂದ ಭಾಗಿಸಿ. 180 ಮತ್ತು 165 ಬಂದರೆ 450 ಕೆಜಿ. ಅಂಥ ಕುದುರೆಗೆ ಒಣಹುಲ್ಲು 8-9 ಕೆಜಿ, ನಾಲ್ಕು ಕಂತಲ್ಲಿ, ರಾತ್ರಿಯದ್ದು ದೊಡ್ಡದು. ರೋಡ್ಸ್ ಅಥವಾ ಓಟ್ ಹುಲ್ಲು ಒಳ್ಳೇದು. ಭತ್ತದ ಹುಲ್ಲು ಹೊಟ್ಟೆಯಲ್ಲಿ ಗಂಟು ಕಟ್ಟುತ್ತೆ. ಹಾಸಿಗೆಗೆ ಹಾಕಿದರೂ ತಿನ್ನುತ್ತೆ, ಅದಕ್ಕೆ ಮರದ ಹೊಟ್ಟೇ ವಾಸಿ.

ನೇಪಿಯರ್ ಹಸುವಿಗೆ ಸರಿ. ಕುದುರೆಗೆ ಅದರ ಆಕ್ಸಲೇಟ್ ಸುಣ್ಣದಂಶ ಹಿಡಿದಿಟ್ಟುಕೊಳ್ಳುತ್ತೆ. ಬೂಸಾದಲ್ಲಿ ರಂಜಕ ಜಾಸ್ತಿ, ಸುಣ್ಣ ಕಮ್ಮಿ. ಎರಡೂ ಒಟ್ಟಿಗೆ ತಿಂಗಳುಗಟ್ಟಲೆ ಹಾಕಿದರೆ ಮೂಳೆ ಸೊರಗುತ್ತೆ, ಮುಖದ ಮೂಳೆ ಊದುತ್ತೆ. ಬೂಸಾ ಅರ್ಧ ಕೆಜಿಗೆ ಇಳಿಸಿ. 1 ಕೆಜಿ ಒಣಗಿದ ಕುದುರೆಮಸಾಲೆ (ಲೂಸರ್ನ್) ಸೇರಿಸಿ, ಹೆಸರೇ ಹೇಳುವಂತೆ ಅದು ಇದರದ್ದೇ ಸೊಪ್ಪು. ಉಪ್ಪು 30 ಗ್ರಾಂ. ಓಟ್ಸ್, ಬೂಸಾ ಬಳಸುತ್ತಿದ್ದ ಬಕೆಟ್‌ಗೆ ಕೋಳಿ ಮೇವು, ದನದ ಸಿದ್ಧ ಮೇವು ಸೋಕಲೂ ಬಾರದು. ಅವುಗಳಲ್ಲಿ ಕೆಲವಕ್ಕೆ ಮೊನೆನ್ಸಿನ್ ಹಾಕಿರುತ್ತಾರೆ, ಕುದುರೆಯ ಹೃದಯಕ್ಕೆ ಅದು ವಿಷ.

ನಿಂತಲ್ಲೇ ನಿಂತರೆ ಕರುಳೂ ನಿಲ್ಲುತ್ತೆ. ದಿನಕ್ಕೆ 8-10 ರಾಶಿ ಲದ್ದಿ ಎಣಿಸಿ. ಐದಕ್ಕಿಳಿದು ಚಿಕ್ಕ ಗಟ್ಟಿ ಉಂಡೆಯಾದರೆ ಹೊಟ್ಟೆನೋವು ಬರುವ ಮುಂಚೆಯೇ ಡಾಕ್ಟರಿಗೆ ಫೋನ್ ಮಾಡಿ. ನೀರು 25-35 ಲೀಟರ್ ಕುಡಿಯಬೇಕು. ತೊಟ್ಟಿ ಬಿಟ್ಟು ಬಕೆಟ್ ಇಡಿ, ಆಗ ಅಳತೆ ಸಿಗುತ್ತೆ.

ಲಾಳಮೊಳೆ:
ಲಾಳದ ಬಗ್ಗೆ ಯಾರೂ ಹೇಳಿಲ್ಲ. ಹಿಮ್ಮಡಿ ಎತ್ತರಿಸುವ ವೆಡ್ಜ್ ಹಾಕಿಸಿದರೆ ಟೆಂಡನ್‌ಗೆ ಆರಾಮ, ತಕ್ಷಣ ಮಾಡಿಸಿ.

ಹಳೇಬ್ಯಾಚ್_ವೆಟ್:
@ಲಾಳಮೊಳೆ, ಇಲ್ಲಿ ಬೇಡ ಸರ್. ಹಿಮ್ಮಡಿ ಎತ್ತಿದರೆ ಸಡಿಲಾಗೋದು ಗೊರಸಿನೊಳಗಿನ ಮೂಳೆಗೆ ಅಂಟುವ ಒಳ ಟೆಂಡನ್. ಆಗ ಗಿಣ್ಣು ಇನ್ನಷ್ಟು ಕುಸಿಯುತ್ತೆ, ಗಿಣ್ಣನ್ನು ಎತ್ತಿ ಹಿಡಿಯುವ ಮೇಲಿನ ಟೆಂಡನ್‌ಗೂ ಸಸ್ಪೆನ್ಸರಿಗೂ ಎಳೆತ ಜಾಸ್ತಿ. ಇವರ ಕುದುರೆಗೆ ಪೆಟ್ಟಾಗಿರೋದು ಆ ಮೇಲಿನ ಟೆಂಡನ್ನಿಗೇ.

ಲಾಳಮೊಳೆ:
ಒಪ್ಪಿದೆ ಡಾಕ್ಟ್ರೆ, ಒಳ ಟೆಂಡನ್ ಅಂದುಕೊಂಡು ಬರೆದೆ. ಹಾಗಾದರೆ ಚಪ್ಪಟೆ ಲಾಳ, ತುದಿಯಲ್ಲಿ ಹಲ್ಲು ಇರಬಾರದು. ರೇಸಿನಿಂದ ಬಂದವಕ್ಕೆ ಮುಂತುದಿ ಉದ್ದ, ಹಿಮ್ಮಡಿ ತಗ್ಗು ಇರೋದು ಮಾಮೂಲು. ತುದಿ ಉದ್ದವಿದ್ದಷ್ಟೂ ಗೊರಸು ಏಳೋದು ತಡ, ಟೆಂಡನ್ ಅಷ್ಟು ಹೊತ್ತು ಎಳೆದಿರುತ್ತೆ. 4-5 ವಾರಕ್ಕೊಮ್ಮೆ ಬಿಚ್ಚಿ ತುದಿ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತನ್ನಿ. ಒಂದೇ ಸಲ ಕೋನ ಬದಲಿಸಬೇಡಿ. ಕುದುರೆ ನಿಂತೇ ಇದೆ ಅಂತ ಮೂರು ತಿಂಗಳು ಲಾಳ ಬಿಡೋದು ಎಲ್ಲರೂ ಮಾಡೋ ತಪ್ಪು.

ಕನಕಪುರರಸ್ತೆ_ಲಾಯ:
ಎಲ್ಲರಿಗೂ ಧನ್ಯವಾದ. ಇಂಜೆಕ್ಷನ್ ಮೆಲಾಕ್ಸಿಕ್ಯಾಮ್ ಅಂತೆ. ಒಂಬತ್ತನೇ ದಿನ ಸ್ಕ್ಯಾನ್ ಆಯ್ತು: ಮೇಲಿನ ಟೆಂಡನ್, ಮೊಣಕಾಲಿಂದ 12ರಿಂದ 18 ಸೆಂಮೀವರೆಗೆ, ನಡುವೆ ಕಪ್ಪು, ಅಡ್ಡಕೊಯ್ತದ ಶೇ. 30. ಇನ್ನು ನಡೆಸೋದು ಹೇಗೆ? ಈಗಾಗಲೇ ಲಾಯದ ಬಾಗಿಲು ಒದೀತಿದೆ.

ಹಳೇಬ್ಯಾಚ್_ವೆಟ್:
ಶೇ. 30 ಅಂದರೆ ಸಣ್ಣದಲ್ಲ. ಹಬ್ಬದ ಲೆಕ್ಕದಲ್ಲಿ ಹೇಳ್ತೀನಿ, ನೆನಪಿರುತ್ತೆ.

ಎರಡನೇ ವಾರ ಮುಗಿದು ಬಿಸಿ ಹೋದ ಮೇಲೆ ಕೈಹಿಡಿದು ನಡಿಗೆ, 5-10 ನಿಮಿಷ, ದಿನಕ್ಕೆರಡು ಸಲ. ಗಟ್ಟಿ, ಸಮತಟ್ಟು ನೆಲ. ಮರಳು, ಕೆಸರು, ಸುತ್ತು ಹಾಕಿಸೋದು ಯಾವುದೂ ಬೇಡ. ದಸರೆಯ ಹೊತ್ತಿಗೆ ಅದು 15-20 ನಿಮಿಷ, ಅಷ್ಟೇ. ಜೀನು ಗೂಟದಲ್ಲೇ ಇರಲಿ. 12ನೇ ವಾರದ ಹೊತ್ತಿಗೆ ಎರಡು ಸಲ 30 ನಿಮಿಷ, ಆಗ ಎರಡನೇ ಸ್ಕ್ಯಾನ್. ಕಪ್ಪು ತುಂಬಿ ಎಳೆಗಳು ಸಾಲಾಗ್ತಿದ್ದರೆ ಮೇಲೆ ಕೂತು ಬರೀ ನಡಿಗೆ, 30-40 ನಿಮಿಷ. ಸಂಕ್ರಾಂತಿಗೆ ನೇರ ದಾರಿಯಲ್ಲಿ ಮೊದಲ 5 ನಿಮಿಷ ಟ್ರಾಟ್, ಎರಡು ವಾರಕ್ಕೊಮ್ಮೆ 5 ನಿಮಿಷ ಸೇರಿಸಿ. ಯುಗಾದಿ ಸುತ್ತ ಮೂರನೇ ಸ್ಕ್ಯಾನ್. ಅದು ಚೆನ್ನಾಗಿದ್ದರೆ ಮಾತ್ರ ಕ್ಯಾಂಟರ್, 1-2 ನಿಮಿಷದಿಂದ ಶುರು. ನಾಗಾಲೋಟ, ಜಿಗಿತ ಮುಂದಿನ ಜೂನ್-ಆಗಸ್ಟ್ ಮಾತು. ಹುಲ್ಲುಗಾವಲಿಗೆ ಬಿಡೋದೂ ಕ್ಯಾಂಟರ್ ಆದ ಮೇಲೆಯೇ. ಬಿಟ್ಟ ತಕ್ಷಣ ಕುಣಿಯುವ ಹತ್ತು ಸೆಕೆಂಡು ಆರು ತಿಂಗಳ ಕೆಲಸ ಹರಿದುಹಾಕುತ್ತೆ.

ಪ್ರತಿ ಹೆಜ್ಜೆ ಏರಿಸಿದ ಮರುದಿನ ಬೆಳಿಗ್ಗೆ ಬ್ಯಾಂಡೇಜ್ ಬಿಚ್ಚಿ ಅರ್ಧ ಗಂಟೆ ಬಿಟ್ಟು ಎರಡೂ ಕಾಲು ಸವರಿ. ಬಿಸಿ ಅಥವಾ ಹೊಸ ಊತ ಸಿಕ್ಕರೆ ಹಿಂದಿನ ಹೆಜ್ಜೆಗೆ ಎರಡು ವಾರ. ಕುಂಟು ಕಾಣಲಿ ಅಂತ ಕಾಯಬೇಡಿ, ನೋವಿನ ಔಷಧಿ ಹಾಕಿ ಪರೀಕ್ಷೆ ಮಾಡಲೂಬೇಡಿ. ಪಿಆರ್‌ಪಿ (ಕುದುರೆಯದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ದ್ರವ) ಚುಚ್ಚಿಸಬಹುದು, ದುಡ್ಡಿದ್ದರೆ. ಆದರೂ ತಿಂಗಳುಗಳ ಲೆಕ್ಕ ಕಮ್ಮಿಯಾಗಲ್ಲ.

ಒದೆಯುವುದಕ್ಕೆ: ನಡಿಗೆಯನ್ನು ಹುಲ್ಲು ಹಾಕಿದ ಮೇಲೆ ಇಟ್ಟುಕೊಳ್ಳಿ, ಹಸಿದಾಗಲ್ಲ. ಬರೀ ಹಾಲ್ಟರ್ ಬೇಡ, ಲಗಾಮು ಹಾಕಿ. ಹಿಡಿಯುವವನಿಗೆ ಹೆಲ್ಮೆಟ್, ಕೈಗವಸು, ಹಗ್ಗ ಕೈಗೆ ಸುತ್ತಿಕೊಳ್ಳಬಾರದು. ಮೊದಲ ಹತ್ತು ದಿನ ಇನ್ನೊಬ್ಬರು ಜೊತೆಗಿರಲಿ. ಪಕ್ಕದ ಖಾನೆಯಲ್ಲಿ ಶಾಂತ ಜೊತೆ ಕುದುರೆ ಇಟ್ಟರೆ ಅರ್ಧ ಗಲಾಟೆ ಇಳಿಯುತ್ತೆ. ದೀಪಾವಳಿಯ ಮೂರು ರಾತ್ರಿಗೆ ಮಾತ್ರ ಈಗಲೇ ನಿಮ್ಮ ಡಾಕ್ಟರ ಹತ್ತಿರ ಅಸಿಪ್ರೊಮಝೀನ್ (ಶಾಂತವಾಗಿಸುವ ಔಷಧಿ) ಮಾತಾಡಿಟ್ಟುಕೊಳ್ಳಿ. ಪಟಾಕಿ ಶುರುವಾಗುವ ಒಂದು ಗಂಟೆ ಮುಂಚೆ ಕೊಡಬೇಕು, ಹೆದರಿ ಕುಣಿಯತೊಡಗಿದ ಮೇಲೆ ಕೊಟ್ಟರೆ ಕೆಲಸ ಮಾಡಲ್ಲ.