ಕೆಲಸ ಇಲ್ಲ, ಆದರೆ 11 ತಿಂಗಳ ಬಾಡಿಗೆ ಒಟ್ಟಿಗೆ ಕೊಡ್ತಾನಂತೆ

(ಶಿವಮೊಗ್ಗ ಕಡೆಯ ಒಂದು ವಾಟ್ಸಾಪ್ ಗುಂಪಿನಲ್ಲಿ)

ಗೋಪಾಳದ ಮನೆ ಮಾಲೀಕ: ವಕೀಲರೇ, ನಮಸ್ಕಾರ. ನಮ್ಮ ಮಹಡಿ ಮನೆಗೆ 8,000 ಬಾಡಿಗೆ. ಒಬ್ಬ ಹುಡುಗ ಬಂದಿದ್ದ. ಬೆಂಗಳೂರಲ್ಲಿದ್ದ ಕೆಲಸ ಹೋಗಿದೆಯಂತೆ. 11 ತಿಂಗಳದ್ದು ಒಟ್ಟು 88,000 ಕೈಯಲ್ಲೇ ಕೊಡ್ತೀನಿ, ಅಗ್ರಿಮೆಂಟ್ ಎಲ್ಲ ಯಾಕೆ ಅಂದ. ಐದೇ ನಿಮಿಷದಲ್ಲಿ ಮನೆ ನೋಡಿ ಒಪ್ಪಿಬಿಟ್ಟ. ಕೊಡಬಹುದಾ?

ವಕೀಲರು: ಕೆಲಸ ಇಲ್ಲ ಅನ್ನೋದು ನನಗೆ ದೊಡ್ಡ ವಿಷಯ ಅಲ್ಲ. ಅಗ್ರಿಮೆಂಟ್ ಯಾಕೆ ಅಂದದ್ದು ದೊಡ್ಡದು. ಅಷ್ಟು ದುಡ್ಡು ಕೊಡುವವನು ತಾನೇ ಕಾಗದ ಕೇಳಬೇಕು ಅಲ್ವಾ? ಈ ಮಳೆಯಲ್ಲಿ ಮನೆ ನೋಡೋಕೆ ಬಂದವನು ಗೋಡೆ ಮುಟ್ಟಿ ನೋಡಿದನಾ? ಸೋರುತ್ತಾ ಅಂತ ಕೇಳಿದನಾ?
ಇನ್ನೊಂದು. ನಮ್ಮ ಕಡೆ ಅಡ್ವಾನ್ಸ್ ಅಂದರೆ ಬಿಡುವಾಗ ವಾಪಸ್ ಕೊಡುವ ಹಣ. ಅವನು ಕೊಡೋದು ಬಾಡಿಗೆ. ಕಾಗದದಲ್ಲಿ ಬರೀ ಅಡ್ವಾನ್ಸ್ 88,000 ಅಂತಿದ್ದರೆ ನಾಳೆ ಬಿಡುವಾಗ ಪೂರ್ತಿ ವಾಪಸ್ ಕೇಳ್ತಾನೆ. ಬಾಡಿಗೆ ಅಂತಲೇ ತಗೊಂಡರೆ ಅಷ್ಟು ತಿಂಗಳಿಗೆ ನಿಮ್ಮ ಕೈಯೂ ಕಟ್ಟಿತು. ತಿಂಗಳ ಬಾಡಿಗೆಯಾದರೆ, ಕರಾರಲ್ಲಿ ಬೇರೆ ಬರೆದಿಲ್ಲದಿದ್ದರೆ, 15 ದಿನದ ನೋಟಿಸ್ ಕೊಟ್ಟು ಬಿಡಿಸಬಹುದು. ಮೂರು ತಿಂಗಳದ್ದು ಅಡ್ವಾನ್ಸ್ ಅಂತ ಬ್ಯಾಂಕ್ ಮೂಲಕ ತಗೊಳ್ಳಿ, ಬಾಡಿಗೆ ತಿಂಗಳು ತಿಂಗಳು ಕೊಡಲಿ. ಆಧಾರ್ ಪ್ರತಿ ಇರಲಿ. ಹಿಂದಿನ ಮನೆ ಮಾಲೀಕರಿಗೆ ಒಂದು ಫೋನ್ ಮಾಡಿ.

ಭದ್ರಾವತಿ ಸದಸ್ಯ: 11 ತಿಂಗಳೇ ಯಾಕೆ ಮೇಡಂ?

ವಕೀಲರು: ಒಂದು ವರ್ಷ ಮೀರಿದ ಕರಾರು ನೋಂದಣಿ ಆಗಲೇಬೇಕು. 1908ರ ನೋಂದಣಿ ಕಾಯ್ದೆ. ಮೇಲೆ ಹುಡುಕಿ, ಮೂರು ಸಲ ಹೇಳಿದ್ದೇನೆ.

ಸಾಗರದ ಸದಸ್ಯೆ: ತೋಟದ ಮನೆ ಭೋಗ್ಯಕ್ಕೆ ಕೊಡುವುದಾದರೆ ಸ್ಟಾಂಪ್ ಎಷ್ಟರದ್ದು ಬೇಕು?

ವಿನೋಬನಗರದ ಸದಸ್ಯ: ಫಾರ್ವರ್ಡ್ ನೋಡಿ. 12 ವರ್ಷ ಇದ್ದರೆ ಮನೆ ಬಾಡಿಗೆದಾರನದೇ ಆಗುತ್ತಂತೆ. ಬಾಡಿಗೆ ಕೊಡದವರ ಫ್ಯೂಸ್ ಕಿತ್ತುಬಿಡಿ, ತಾನಾಗೇ ಓಡ್ತಾರೆ.

ವಕೀಲರು: ಎರಡೂ ತಪ್ಪು. ನಿಮ್ಮ ಒಪ್ಪಿಗೆಯಿಂದ, ಬಾಡಿಗೆ ಕೊಟ್ಟುಕೊಂಡು ಇದ್ದವನಿಗೆ 12 ವರ್ಷ ಕಳೆದ ಮಾತ್ರಕ್ಕೆ ಮನೆ ಆಗಲ್ಲ. ಫ್ಯೂಸ್ ಕಿತ್ತರೆ ಅವನು ಕೋರ್ಟಿಗೆ ಹೋಗಿ ತಡೆಯಾಜ್ಞೆ ತರ್ತಾನೆ, ಆಮೇಲೆ ನನ್ನ ಹತ್ತಿರ ಅಳಬೇಡಿ. ದಯವಿಟ್ಟು ಇಂಥದ್ದು ಹಾಕಬೇಡಿ.

ತೀರ್ಥಹಳ್ಳಿ ಸದಸ್ಯ: ಕೆಲಸ ಹೋದವರು ಬಸ್‌ಸ್ಟ್ಯಾಂಡಲ್ಲಿ ಮಲಗಬೇಕಾ? ಪರೀಕ್ಷೆಗೆ ಓದುವಾಗ ನಾನೂ ಹೀಗೇ ಆರು ತಿಂಗಳದ್ದು ಮೊದಲೇ ಕೊಟ್ಟು ಇದ್ದೆ. ಒಂದು ಮೊಳೆ ಕೂಡ ಹೊಡೆದಿಲ್ಲ.

ವಿನೋಬನಗರದ ಸದಸ್ಯ: ಹಾಗಾದರೆ ನಿಮ್ಮ ಮನೆಯಲ್ಲೇ ಇಟ್ಕೊಳ್ಳಿ.

ತೀರ್ಥಹಳ್ಳಿ ಸದಸ್ಯ: ಇಟ್ಕೊಳ್ತೀನಿ. ಫ್ಯೂಸ್ ಕೀಳೋ ಮಾಲೀಕರಿಗಿಂತ ವಾಸಿ.

ವಕೀಲರು: ಇಬ್ಬರೂ ಬೇರೆ ಕಡೆ ಜಗಳ ಆಡಿ. ಗೋಪಾಳದವರೇ, ವಿಚಾರಿಸಿದಿರಾ?

ಗೋಪಾಳದ ಮನೆ ಮಾಲೀಕ: ಗೋಡೆ ಮುಟ್ಟಲೂ ಇಲ್ಲ, ಏನೂ ಕೇಳಲೂ ಇಲ್ಲ ಮೇಡಂ. ಮತ್ತೆ... ಬೆಳಿಗ್ಗೆಯೇ 10,000 ಫೋನ್‌ಪೇ ಮಾಡಿಬಿಟ್ಟಿದ್ದಾನೆ.

ವಕೀಲರು: ಇದನ್ನು ಮೊದಲ ಸಾಲಲ್ಲೇ ಹೇಳೋದಲ್ವಾ! ಅಗ್ರಿಮೆಂಟ್ ಆದರೆ ಅಡ್ವಾನ್ಸಿಗೆ ಸೇರುತ್ತೆ, ಇಲ್ಲದಿದ್ದರೆ ವಾಪಸ್ ಅಂತ ಈಗಲೇ ಅವನಿಗೆ ಮೆಸೇಜ್ ಹಾಕಿ. ಬೀಗದ ಕೈ ಕೊಟ್ಟಿಲ್ಲ ತಾನೇ?

ಸಾಗರದ ಸದಸ್ಯೆ: ಮೇಡಂ, ಭೋಗ್ಯದ ಸ್ಟಾಂಪ್?