ಹಣ ಕೊಟ್ಟು ಹಾಕಿಸುವ ಲೇಖನದ ಲಿಂಕ್‌ನಿಂದ ಗೂಗಲ್‌ನಲ್ಲಿ ಮೇಲೆ ಬರ್ತೇವಾ?

ಯಾಣದ ಹಾದಿ: ಕುಮಟಾ–ಶಿರಸಿ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಹೋಮ್‌ಸ್ಟೇ ಇದೆ. ‘ಯಾಣ ಹೋಮ್‌ಸ್ಟೇ’ ಎಂದು ಹುಡುಕಿದರೆ ನಮ್ಮ ವೆಬ್‌ಸೈಟ್ ಎರಡನೇ ಪುಟದಲ್ಲಿ ಕಾಣುತ್ತದೆ. ಒಂದು ಪ್ರವಾಸ ಪೋರ್ಟಲ್‌ನವರು 12,000 ರೂಪಾಯಿಗೆ ಪ್ರಾಯೋಜಿತ ಲೇಖನ, ಅದರಲ್ಲಿ ಎರಡು ‘ಡುಫಾಲೋ’ ಲಿಂಕ್, ‘ಡಿಎ 55’ ಅನ್ನುತ್ತಿದ್ದಾರೆ. ಹಾಕಿಸಬಹುದಾ?

ಶಿರಸಿ ಪೇಟೆ: ಮೇಲೆ ಬರುವ ಆಸೆಗಾದರೆ ಬೇಡ ಮಾರಾಯ್ರೆ. ಹಣ ಪಡೆದು ಕೊಟ್ಟ ಲಿಂಕ್‌ಗೆ ‘ಸ್ಪಾನ್ಸರ್ಡ್’ ಅಥವಾ ‘ನೋಫಾಲೋ’ ಗುರುತು (ಇದನ್ನು ಶಿಫಾರಸೆಂದು ಎಣಿಸಬೇಡಿ ಎಂದು ಪುಟದ ಕೋಡ್‌ನಲ್ಲಿ ಬರೆಯುವ ಸೂಚನೆ) ಇರಬೇಕೆಂಬುದು ಗೂಗಲ್ ನಿಯಮ. ನೋಫಾಲೋ 2005ರದ್ದು, ಸ್ಪಾನ್ಸರ್ಡ್ ಬಂದದ್ದು 2019ರಲ್ಲಿ. ಗುರುತು ಹಾಕಿದರೆ ಆ ಲಿಂಕ್‌ನ ತೂಕ, ಅಂದರೆ ಶಿಫಾರಸೆಂದು ಗೂಗಲ್ ಕೊಡುವ ಬೆಲೆ, ನಿಮಗೆ ಸಿಗುತ್ತದೆಂದು ನಂಬಿ ಕೂರುವಂತಿಲ್ಲ. ಹಾಕದಿದ್ದರೆ ಅದು ಲಿಂಕ್ ಸ್ಪ್ಯಾಮ್, ಅಂದರೆ ನಿಯಮ ಮುರಿದ ಲಿಂಕ್. ಎಚ್‌ಟಿಎಮ್‌ಎಲ್‌ನಲ್ಲಿ ‘ಡುಫಾಲೋ’ ಎಂಬುದೇ ಇಲ್ಲ. ಗುರುತು ಹಾಕುವುದಿಲ್ಲ ಎನ್ನುವುದನ್ನೇ ಅವರು ಆ ಹೆಸರಲ್ಲಿ ಮಾರುತ್ತಿದ್ದಾರೆ. ಡಿಎ (ಡೊಮೇನ್ ಅಥಾರಿಟಿ) ಅನ್ನೋದು ಸೈಟ್ ಎಷ್ಟು ಬಲವಾಗಿದೆಯೆಂದು ಮಾಝ್ ಕಂಪನಿ ಹೇಳುವ ಅಂದಾಜು, ಗೂಗಲ್ ಅದನ್ನು ನೋಡುವುದಿಲ್ಲ.

ಲಿಂಕ್ ಸ್ಪ್ಯಾಮ್ ತಡೆಯುವ ಗೂಗಲ್ ವ್ಯವಸ್ಥೆ ಪೆಂಗ್ವಿನ್‌ನಲ್ಲಿ 2016ರಲ್ಲಾದ ಬದಲಾವಣೆಯ ನಂತರ ಇಂಥ ಲಿಂಕ್‌ಗಳನ್ನು ಹೆಚ್ಚಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಲಿಂಕ್ ಕೊಳ್ಳುವ ಸೈಟ್, ಮಾರುವ ಸೈಟ್ ಎರಡನ್ನೂ ತನ್ನ ಸ್ಪ್ಯಾಮ್ ಪತ್ತೆಯ ಎಐ ವ್ಯವಸ್ಥೆ ಸ್ಪ್ಯಾಮ್‌ಬ್ರೇನ್ ಪತ್ತೆ ಹಚ್ಚುತ್ತದೆಂದು 2022ರ ಡಿಸೆಂಬರ್‌ನಲ್ಲಿ ಗೂಗಲ್ಲೇ ಹೇಳಿದೆ. ಶಿಕ್ಷೆಯೂ ಬರಲಿಲ್ಲ, ಸೈಟ್ ಮೇಲೂ ಏರಲಿಲ್ಲ ಅಂತಾದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಕಾಳಿ ದಂಡೆ: ತೂಕದ ವಿಷಯದಲ್ಲಿ ಒಪ್ಪಿದೆ. ಆದರೆ ಲೇಖನ ಓದಿ ಜನ ಬರುವುದಾದರೆ ಅದು ಜಾಹೀರಾತು, ತಪ್ಪೇನಿಲ್ಲ. ಹಣ ಕೊಡುವ ಮೊದಲು ಅವರ ಹಳೆಯ ಪ್ರಾಯೋಜಿತ ಲೇಖನವೊಂದನ್ನು ತೆರೆಯಿರಿ. ಲಿಂಕ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಪೆಕ್ಟ್’ ಒತ್ತಿದರೆ ಕೋಡ್‌ನಲ್ಲಿ ‘ರೆಲ್’ (rel) ಮುಂದೆ ಯಾವ ಗುರುತಿದೆಯೆಂದು ಕಾಣುತ್ತದೆ. ಪುಟದ ಸೋರ್ಸ್‌ನಲ್ಲಿ ‘ನೋಇಂಡೆಕ್ಸ್’ ಇದ್ದರೆ ಆ ಲೇಖನ ಗೂಗಲ್ ಹುಡುಕಾಟದಲ್ಲೇ ಬರುವುದಿಲ್ಲ. ಅದೇ ಪೋರ್ಟಲ್‌ನಲ್ಲಿ ಯಾಣದ ಪಕ್ಕ ಆನ್‌ಲೈನ್ ರಮ್ಮಿ, ಸಾಲದ ಆ್ಯಪ್‌ಗಳ ಲೇಖನವೂ ಇದ್ದರೆ ಅಲ್ಲಿಂದಲೇ ಎದ್ದು ಬನ್ನಿ.

ಹಾಕಿಸಿದರೂ ಸ್ಪಾನ್ಸರ್ಡ್ ಗುರುತು ಕೇಳಿಯೇ ಹಾಕಿಸಿ. ‘ಯಾಣ ಹೋಮ್‌ಸ್ಟೇ ಕಡಿಮೆ ದರ’ ಅಂತ ಲಿಂಕ್ ಬೇಡ, ನಿಮ್ಮ ಹೋಮ್‌ಸ್ಟೇ ಹೆಸರು ಸಾಕು. ಲಿಂಕ್ ವಿಳಾಸದ ತುದಿಗೆ ಯುಟಿಎಮ್ (ಎಲ್ಲಿಂದ ಬಂದರೆಂದು ಗುರುತಿಸುವ ಸಾಲು) ಸೇರಿಸಿದರೆ ಅಲ್ಲಿಂದ ಎಷ್ಟು ಜನ ಬಂದರೆಂದು ಅನಾಲಿಟಿಕ್ಸ್‌ನಲ್ಲಿ ತಿಳಿಯುತ್ತದೆ. ಒಂದು ರಾತ್ರಿಗೆ ನಿಮಗೆ 1,500 ಉಳಿಯುವುದಾದರೆ ಎಂಟು ರಾತ್ರಿಯ ಬುಕಿಂಗ್ ಬಂದಾಗ ಅಸಲು.

ಯಾಣದ ಹಾದಿ: ಹೋದ ವರ್ಷ ಗುರುತಿಲ್ಲದ ನಾಲ್ಕು ಲಿಂಕ್ ಬೇರೆ ಕಡೆ ಹಾಕಿಸಿದ್ದಿದೆ. ಅದಕ್ಕೇನು ಮಾಡೋದು?

ಶಿರಸಿ ಪೇಟೆ: ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ‘ಮ್ಯಾನ್ಯುಯಲ್ ಆ್ಯಕ್ಷನ್ಸ್’ (ಗೂಗಲ್ ಸಿಬ್ಬಂದಿ ಹಾಕಿದ ಶಿಕ್ಷೆಗಳ ಪುಟ) ನೋಡಿ. ಖಾಲಿ ಇದ್ದರೆ ಹೆದರಬೇಡಿ, ಆ ಸೈಟಿನವರಿಗೆ ಮೇಲ್ ಮಾಡಿ ಗುರುತು ಹಾಕಿಸಿ. ಅಲ್ಲಿ ನೋಟಿಸ್ ಇದ್ದರೆ ಮಾತ್ರ ಕೆಲಸ ಜಾಸ್ತಿ: ಮೊದಲು ಲಿಂಕ್ ತೆಗೆಸಬೇಕು, ಒಪ್ಪದವರ ಡೊಮೇನ್‌ಗಳನ್ನು ಸಾಲಿಗೊಂದರಂತೆ ಟೆಕ್ಸ್ಟ್ ಫೈಲ್‌ನಲ್ಲಿ ಬರೆದು ಡಿಸ್‌ಅವೋ ಮಾಡಬೇಕು (ಆ ಲಿಂಕ್ ಲೆಕ್ಕಕ್ಕೆ ಹಿಡಿಯಬೇಡಿ ಎಂದು ಗೂಗಲ್‌ಗೆ ತಿಳಿಸುವುದು), ಆಮೇಲೆ ಮರುಪರಿಶೀಲನೆಗೆ ಅರ್ಜಿ. ಹೊಸ ಫೈಲ್ ಹಾಕಿದರೆ ಹಳೆಯದು ಅಳಿಸಿಹೋಗುತ್ತದೆ. ಹಾಗಾಗಿ ಸೇರಿಸುವಾಗ ಹಳೆಯ ಸಾಲುಗಳೂ ಅದರಲ್ಲಿರಲಿ.