ಪದ ಬೇಕು: ಟೆಂಡಿನೈಟಿಸ್ (ಅರ್ಜೆಂಟ್)

ನಮಸ್ಕಾರ. ರೋಗಿಗಳಿಗೆ ಕೊಡುವ ಕರಪತ್ರವೊಂದನ್ನು ಕನ್ನಡಕ್ಕೆ ಮಾಡುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ಟೆಂಡಿನೈಟಿಸ್‌ಗೆ (ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ, ಅಂದರೆ ಟೆಂಡನ್, ಊದಿ ನೋಯುವುದು) ‘ಸ್ನಾಯುರಜ್ಜು ಉರಿಯೂತ’ ಅಂತ ಹಾಕಿದ್ದೇನೆ, ಓದುವವರಿಗೆ ತಿಳಿಯುತ್ತಾ? ಟೆಂಡಿನೋಸಿಸ್ ಅಂತ ಇನ್ನೊಂದಿದೆ, ಅದಕ್ಕೇನು? ಟೆನಿಸ್ ಎಲ್ಬೋ, ಡಿ ಕ್ವರ್ವೇನ್ ಅನ್ನೋ ಕಾಯಿಲೆ ಹೆಸರುಗಳನ್ನೆಲ್ಲ ಹಾಗೇ ಬಿಡಲಾ?
– ಅನುವಾದಕಿ

ಸ್ನಾಯುರಜ್ಜು ಬೇಡವೇ ಬೇಡ. ಸಂಸ್ಕೃತದಲ್ಲಿ ಸ್ನಾಯು ಅಂದರೇನೇ ಈ ಹುರಿ. ಮಾಂಸಖಂಡಕ್ಕೆ ಅಲ್ಲಿ ಪೇಶಿ ಅನ್ನುತ್ತಾರೆ. ನಾವು ಸ್ನಾಯುವನ್ನು ಮಾಂಸಖಂಡಕ್ಕೆ ಅಂಟಿಸಿಕೊಂಡೆವು, ಈಗ ಬಾಲಕ್ಕೊಂದು ರಜ್ಜು ಬೇರೆ. ‘ಹುರಿ’ ಸಾಕು. ಹುರಿ + ಊತ = ಹುರಿಯೂತ. ಮುಗಿಯಿತು.
– ವ್ಯಾಕರಣದವ

ಹಕಾರ ನುಂಗುವವರ ಬಾಯಲ್ಲಿ ನಿಮ್ಮ ಹುರಿಯೂತ ಉರಿಯೂತವೇ ಆಗುತ್ತದೆ ಸ್ವಾಮಿ. ನನ್ನ ಹತ್ತಿರ ಬರುವವರು ‘ನರ ಎಳೆದಿದೆ’ ಅನ್ನುತ್ತಾರೆ. ಅದನ್ನು ಮಾತ್ರ ಹಾಕಬೇಡಿ ಮೇಡಂ, ನರವೇ ಬೇರೆ.

ಟೆನಿಸ್ ಎಲ್ಬೋ ಬಂದವರಲ್ಲಿ ಹೆಚ್ಚಿನವರು ರಾಕೆಟ್ ಹಿಡಿದವರೇ ಅಲ್ಲ. ದಿನವಿಡೀ ಸ್ಕ್ರೂಡ್ರೈವರ್ ತಿರುಗಿಸುವವರು, ಬಟ್ಟೆ ಹಿಂಡುವವರು. ಮೊಣಕೈ ಹೊರಮಗ್ಗುಲಿನ ಮೂಳೆ ಮುಟ್ಟಿದರೆ ಸಾಕು, ಕೈ ಎಳೆದುಕೊಳ್ಳುತ್ತಾರೆ. ತಿಂಗಳುಗಟ್ಟಲೆ ಹಳೆಯದಾದ ನೋವಿನಲ್ಲಿ ಉರಿಯೂತ ಅಷ್ಟಾಗಿ ಇರುವುದೇ ಇಲ್ಲ, ಎಳೆಗಳು ಜಾಳಾಗಿರುತ್ತವೆ. ಟೆಂಡಿನೋಸಿಸ್ ಅಂದರೆ ಅದೇ. ‘ಟೆಂಡನ್ ಸವೆತ’ ಅನ್ನಿ. ಡಿ ಕ್ವರ್ವೇನ್‌ನಲ್ಲಿ ತೊಂದರೆ ಹೆಬ್ಬೆರಳ ಕಡೆ ಮಣಿಕಟ್ಟಿನಲ್ಲಿ, ಟೆಂಡನ್ನಿನ ಹೊದಿಕೆಯದ್ದು. ಕೂಸು ಎತ್ತಿ ಎತ್ತಿ ಬಾಣಂತಿಯರಿಗೆ ಜಾಸ್ತಿ.

ಕಾರಣಗಳಲ್ಲಿ ವಯಸ್ಸು, ಒಂದೇ ಕೆಲಸ, ಸಕ್ಕರೆ ಕಾಯಿಲೆ ಎಲ್ಲರೂ ಬರೆಯುತ್ತಾರೆ. ಸುಮ್ನೆ ಕೂತಿದ್ದವರು ಒಮ್ಮೆಲೇ ಓಡಲು ಶುರುಮಾಡುವುದನ್ನೂ ಸೇರಿಸಿ. ಸಿಪ್ರೊಫ್ಲಾಕ್ಸಾಸಿನ್ ಥರದ ಆಂಟಿಬಯಾಟಿಕ್‌ಗಳನ್ನೂ ಕಾರಣಗಳ ಪಟ್ಟಿಗೆ ಸೇರಿಸಲು ಮರೆಯಬೇಡಿ. ಅಪರೂಪ, ಆದರೆ ಹಿಮ್ಮಡಿ ಮೇಲಿನ ಅಕಿಲಿಸ್ ಟೆಂಡನ್ ಕಿತ್ತೇ ಹೋಗುವುದುಂಟು.
– ಫಿಸಿಯೋ

‘ಸವೆತ’ ಅಂದರೆ ಎಲ್ಲರೂ ಮಂಡಿ ಹಿಡಿದುಕೊಳ್ಳುತ್ತಾರೆ. ಅದಿರಲಿ, ನೀವೂ ಟೆಂಡನ್ ಅಂತಲೇ ಬರೆಯುತ್ತಿದ್ದೀರಲ್ಲ! ಹಾಗಾದರೆ ಕರಪತ್ರವನ್ನೇ ಇಂಗ್ಲಿಷಿನಲ್ಲಿ ಹಂಚಿ.
– ವ್ಯಾಕರಣದವ

ಇಂಗ್ಲಿಷಿನವರೂ ಅದನ್ನು ಲ್ಯಾಟಿನ್ನಿಂದ ಸಾಲ ತಂದವರೇ. ಅವರೇನು ಹಿಂದಿರುಗಿಸಿದರಾ?
– ಫಿಸಿಯೋ

ದಯವಿಟ್ಟು ಜಗಳ ಆಮೇಲೆ. ‘ಟೆಂಡನ್ ಊತ’ ಅಂತ ಹಾಕಿ, ಮೊದಲ ಸಲ ಬಂದಲ್ಲಿ ‘ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ’ ಅಂತ ವಿವರಿಸುತ್ತೇನೆ. ಹಳೆಯದಾದರೆ ‘ಟೆಂಡನ್ ಸವೆತ’. ಉಳಿದ ಹೆಸರು ಹಾಗೇ.
– ಅನುವಾದಕಿ

ಟೆಂಡನ್ ಊತ! ಎರಡು ಭಾಷೆಯ ಪದ ಬೆಸೆದರೆ ಅರಿಸಮಾಸ ಅನ್ನುತ್ತಾರೆ, ಕೇಳಿದ್ದೀರಾ?
– ವ್ಯಾಕರಣದವ

ಮೊದಲು ನಿಮ್ಮ ಬೀದಿಯ ಲೈಟುಕಂಬ ಕಿತ್ತುಹಾಕಿ ಬನ್ನಿ.
– ಫಿಸಿಯೋ